ಮಾಮನ ಯೂಸರ್‌ನೇಮಿನ ಗೀಟು

ನನ್ನ ಸೋದರಮಾವನನ್ನು ಇಂಟರ್ನೆಟ್ಟಿನ ಯಾವ ಬಾಗಿಲೂ ಎರಡನೆಯ ಸಲ ಒಳಗೆ ಬಿಟ್ಟದ್ದಿಲ್ಲ. ಮೊದಲ ಸಲ ಎಲ್ಲ ವೆಬ್‌ಸೈಟುಗಳೂ ಅವರನ್ನು ಮರ್ಯಾದೆಯಿಂದಲೇ ಬರಮಾಡಿಕೊಳ್ಳುತ್ತವೆ. ಮರುದಿನ ಹೋದರೆ ನೀವು ಯಾರು ಎಂದು ಕೇಳುತ್ತವೆ! ಪಾಸ್‌ವರ್ಡ್ ಮರೆಯುವ ಮುದುಕರು ಊರು ತುಂಬ ಇದ್ದಾರೆ, ಅವರ ಮೇಲೆ ನನಗೆ ಕನಿಕರವೇ ಉಂಟು. ಮಾಮ ಏನನ್ನೂ ಮರೆತವರಲ್ಲ. ಅವರ ತಾಪತ್ರಯವೆಲ್ಲ ಒಂದು ಗೀಟು. e ಎಂಬ ಇಂಗ್ಲಿಷ್ ಅಕ್ಷರದ ತಲೆಯ ಮೇಲೆ ಓರೆಯಾಗಿ ಕುಳಿತ, ಸೊಳ್ಳೆಯ ಕಾಲಿನಷ್ಟು ಸಣ್ಣ ಗೀಟು. ಕಳೆದ ತಿಂಗಳು ಆ ಗೀಟಿನ ದೆಸೆಯಿಂದ ನನ್ನ ಮಾಮಿಗೆ, ಅಂದರೆ ಅವರ ಹೆಂಡತಿಗೆ, ಮಾತು ಮರಳಿ ಬರುವ ದಾರಿಯೇ ಮುಚ್ಚಿಹೋಗುವುದರಲ್ಲಿತ್ತು. ಅದನ್ನು ಹೇಳುವ ಮೊದಲು ಗೀಟಿನ ಪುರಾಣ ಸ್ವಲ್ಪ ಕೇಳಿ.

ಮಾಮ ಕಾರ್ಕಳದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ನಿವೃತ್ತರಾಗಿ ಇನ್ನಂಜೆಯ ಮನೆಯಲ್ಲಿ ಕುಳಿತ ಮೇಲೆ ತಿದ್ದಲು ಕರಡು ಸಿಗಲಿಲ್ಲ, ಹಾಗಾಗಿ ಜನರನ್ನು ತಿದ್ದತೊಡಗಿದರು. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಆಮಂತ್ರಣ ಪತ್ರಿಕೆಗೆ ಕೆಂಪು ಪೆನ್ನು! ನನ್ನ ತಂಗಿಯ ಸೀಮಂತದಲ್ಲಿ ಅವಳ ಅತ್ತೆಯ ತುಳುವನ್ನು ನೂರು ಜನರೆದುರು ತಿದ್ದಿದರು. ಆ ಮನೆಯವರು ಈಗಲೂ ನಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಇಂಥವರ ಕೈಗೆ ಸ್ಮಾರ್ಟ್‌ಫೋನ್ ಬಂತು. ಅದು ಯೂಸರ್‌ನೇಮ್ ಕೇಳಿತು. ತಮ್ಮ ಹೆಸರು ಹಾಕಿದರೆ, ಇದು ಬೇರೆಯವರದ್ದಾಗಿದೆ, ಕೊನೆಗೊಂದು ನಂಬರು ಸೇರಿಸಿ ಎಂದಿತು. ನಂಬರು ಹಾಕಿಕೊಳ್ಳಲಿಕ್ಕೆ ನಾನೆಂತ ಬಸ್ಸಾ ಎಂದು ಮಾಮ ಸಿಡುಕಿದರು. ಎರಡು ದಿನ ಯೋಚಿಸಿ 'ಬರ್ಪೆ' ಎಂದು ನಿಶ್ಚಯಿಸಿದರು. ತುಳುವಿನಲ್ಲಿ ಹಾಗೆಂದರೆ 'ನಾನು ಬರುತ್ತೇನೆ'.

"ಒಳಗೆ ಹೋಗುವವ ಬಾಗಿಲಲ್ಲಿ ನಿಂತು ಎಂತ ಹೇಳುವುದು? ಬರ್ಪೆ ಅಂತ, ಅಲ್ವಾ?"

ಸರಿ, barpe ಎಂದು ಬರೆದರೆ ಮುಗಿಯಿತಲ್ಲ? ಎಲ್ಲಿಂದ ಮುಗಿಯಬೇಕು! ಕೊನೆಯ ಸ್ವರವನ್ನು ಬಾಯಿ ಸ್ವಲ್ಪ ಅಗಲಿಸಿ ಹೇಳಿದರೆ ನಾನು ಬರುತ್ತೇನೆ, ಅಗಲಿಸದೆ ಹೇಳಿದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಬರಹ, ಆದ್ದರಿಂದ ಈ ಪುಟದಲ್ಲಿ ನಿಮಗೆ ವ್ಯತ್ಯಾಸ ಕಾಣದಿದ್ದರೆ ತಪ್ಪು ನನ್ನದಲ್ಲ. ಗೀಟಿಲ್ಲದೆ ಬರೆದರೆ 'ಅವನು ಬರುತ್ತಾನೆ' ಎಂದಾಗುತ್ತದೆ, ಯಾರು ಆ ಅವನು, ಕಳ್ಳನಾ ಎಂದು ಮಾಮನ ತಕರಾರು. ಫೋನಿನಲ್ಲಿ e ಅಕ್ಷರವನ್ನು ಒತ್ತಿ ಹಿಡಿದರೆ ಅದರ ನೆಂಟರಿಷ್ಟರೆಲ್ಲ ಮೇಲೆ ಸಾಲಾಗಿ ನಿಲ್ಲುತ್ತಾರಲ್ಲ, ಅವರಲ್ಲಿ ಗೀಟಿನವನನ್ನು ಆರಿಸಿಕೊಂಡರು. ಅಂದಿನಿಂದ ಅವರು ಎಲ್ಲ ಕಡೆಯೂ barpè.

ಅವರು ಬರೆಯುವುದು ಹಾಗೆ. ವೆಬ್‌ಸೈಟುಗಳಿಗೆ ಅದು ಕಾಣುವುದು ಹಾಗಲ್ಲ. ಒಂದು ಅಂಗಡಿಯ ಪಾರ್ಸೆಲ್ ಮೇಲೆ ಅದು barpÃ¨ ಎಂದಾಗಿತ್ತು. ಅದನ್ನು ಹಿಡಿದುಕೊಂಡು ಡೆಲಿವರಿಯವರು ಕಾಪು ಪೇಟೆಯಲ್ಲೆಲ್ಲ ವಿಚಾರಿಸಿದರು. ಇಂಥ ಹೆಸರು ನಮ್ಮವರದ್ದಲ್ಲ, ಫಾರಿನಿನವರದ್ದೇ ಎಂದು ಯಾರೋ ತೀರ್ಪು ಕೊಟ್ಟು ಬೀಚಿನ ಹೋಂಸ್ಟೇಗೆ ಕಳಿಸಿದರು. ಮಾಮನ ಮೊಣಕಾಲಿನ ಎಣ್ಣೆ ಅಲ್ಲಿದ್ದ ಬಿಳಿಯ ಅಜ್ಜನೊಬ್ಬನ ಪಾಲಾಯಿತು. ನಾನು ಹೋಗಿ ಕೇಳುವಷ್ಟರಲ್ಲಿ ಆತ ಅರ್ಧ ಬಾಟಲಿ ಹಚ್ಚಿಕೊಂಡು ಚೆನ್ನಾಗಿ ನಡೆದಾಡುತ್ತಿದ್ದ.

ಉಡುಪಿಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಇನ್ನೊಂದು. ಫೋನಿನಲ್ಲೇ ಬುಕ್ ಮಾಡಿದ್ದರಿಂದ ಅಲ್ಲಿನ ಟೋಕನ್ ಚೀಟಿಯಲ್ಲೂ ಅದೇ ಹೆಸರು, ಗೀಟಿನ ಅಕ್ಷರ ಪೂರ್ತಿ ಮಾಯವಾಗಿ barp? ಎಂದು ಅಚ್ಚಾಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ಗದಗದ ಕಡೆಯವಳು, ತುಳುವಿನ ಗಂಧಗಾಳಿ ಇಲ್ಲ. "ಬರ್ಪ? ಬರ್ಪ ಯಾರ್ರೀ?" ಎಂದು ಕೂಗಿದಳು. ತುಳುವಿನಲ್ಲಿ 'ಬರ್ಪ?' ಎಂದರೆ 'ಬರ್ತೀಯಾ?' ಎಂದರ್ಥ. ಬೆಳಗ್ಗಿನಿಂದ ಕಾದು ಕುಳಿತಿದ್ದ ಮೂವರು ಮುದುಕರು ಒಟ್ಟಿಗೆ ಎದ್ದು ಅವಳ ಹಿಂದೆ ಹೊರಟೇಬಿಟ್ಟರು! ನಮ್ಮ ಮಾಮ ಮಾತ್ರ ಏಳಲಿಲ್ಲ. ಆ ಉಚ್ಚಾರ ತನ್ನದಲ್ಲವಂತೆ.

ಇಷ್ಟಾದರೂ ಬುದ್ಧಿ ಬಂತಾ? ವೆಬ್‌ಸೈಟಿನ ಪುಟವನ್ನು ಪ್ರಿಂಟ್ ತೆಗೆಸಿ, ತಪ್ಪಿಗೆಲ್ಲ ಕೆಂಪು ಗೆರೆ ಹಾಕಿ, ಕವರಿನೊಳಗಿಟ್ಟು ಅಂಚೆಗೆ ಹಾಕುತ್ತಿದ್ದರು. ಒಂದಕ್ಕೂ ಉತ್ತರ ಬಂದದ್ದಿಲ್ಲ. ಅವರು ತಿದ್ದಿಕೊಳ್ಳಲಿ, ನಾನೇಕೆ ತಿದ್ದಿಕೊಳ್ಳಬೇಕು ಎಂಬುದು ಅವರ ವಾದ. ನಾನು ಮಣಿಪಾಲದಲ್ಲಿ ಕಂಪ್ಯೂಟರ್ ಮುಂದೆ ಕೆಲಸ ಮಾಡುವವಳು ಎಂಬ ಒಂದೇ ಅಪರಾಧಕ್ಕೆ ಪ್ರತಿ ಸಲವೂ ಫೋನು ನನಗೆ.

ಹೀಗಿರುವಾಗ ಮಾಮಿಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಮಾತ್ರ ಬರಲಿಲ್ಲ. ಮಾತು ಕಲಿಸುವ ಟೀಚರೊಬ್ಬರು ಸಿಕ್ಕಿದರು. ಪ್ರತಿ ಶನಿವಾರ ವಿಡಿಯೋದಲ್ಲಿ ಪಾಠ. ಮೂರು ಸಲ ತಪ್ಪಿಸಿದರೆ ಆ ಹೊತ್ತನ್ನು ಕಾಯುತ್ತಿರುವ ಬೇರೆಯವರಿಗೆ ಕೊಡುತ್ತೇವೆಂದು ಮೊದಲೇ ಹೇಳಿದ್ದರು. ಮಾಮ ನನ್ನನ್ನು ಒಂದು ಮಾತೂ ಕೇಳದೆ ತಾವೇ ನೋಂದಾಯಿಸಿದರು. ಯಾವ ಹೆಸರಿನಲ್ಲಿ ಎಂದು ಬೇರೆ ಹೇಳಬೇಕೇ?

ಎರಡು ಪಾಠ ತಪ್ಪಿಹೋಯಿತು. ಇಂಥ ಬಳಕೆದಾರರಿಲ್ಲ, ಇಂಥ ಬಳಕೆದಾರರಿಲ್ಲ ಎಂದು ಅದೊಂದೇ ಉತ್ತರ. ನನಗೆ ಸಿಟ್ಟು ನೆತ್ತಿಗೇರಿತು. ಮೂರನೆಯ ಶನಿವಾರ ರಜೆ ಹಾಕಿ ಇನ್ನಂಜೆಗೆ ಹೊರಟೆ. ಬೈಗುಳವನ್ನು ಬಸ್ಸಿನಲ್ಲೇ ಒಂದೊಂದಾಗಿ ಜೋಡಿಸಿಕೊಂಡಿದ್ದೆ.

ಮಾಮಿ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಫೋನಿನ ಮುಂದೆ ಕುಳಿತಾಗಿತ್ತು. ಎರಡು ವಾರವೂ ಹೀಗೆಯೇ ಕುಳಿತು ಎದ್ದದ್ದಂತೆ. ನಾನು ಬಾಯಿ ತೆರೆಯುವ ಮೊದಲೇ ಮಾಮ ಫೋನನ್ನು ನನ್ನ ಕೈಗಿತ್ತರು.

"ಆ ಗೀಟು ತೆಗಿ ಮಾರಾಯ್ತಿ."

ಜೋಡಿಸಿಕೊಂಡ ಬೈಗುಳವೆಲ್ಲ ವ್ಯರ್ಥ! ಆ ಸಂಕಟಕ್ಕೆ ನಾನೇ ಕೆಣಕಿದೆ. "ಗೀಟು ತೆಗೆದರೆ ಅವನು ಬರುತ್ತಾನೆ ಅಂತ ಆಗುತ್ತದಲ್ಲ ಮಾಮ?"

"ಯಾರು ಬೇಕಾದರೂ ಬರಲಿ. ಅವಳು ಮಾತಾಡಬೇಕು."

ಗೀಟಿಲ್ಲದೆ ಹೊಸದಾಗಿ ನೋಂದಾಯಿಸಿದೆ. ಬಾಗಿಲು ತಟ್ಟನೆ ತೆರೆಯಿತು. ಟೀಚರ್ ತುಂಬ ತಾಳ್ಮೆಯವರು. ಲೋಟ ತೋರಿಸಿದರು, ಬಾಳೆಹಣ್ಣು ತೋರಿಸಿದರು. ಮಾಮಿಯ ತುಟಿ ಅಲುಗುತ್ತಿತ್ತು, ಸ್ವರ ಹೊರಡಲಿಲ್ಲ. ಅರ್ಧ ಗಂಟೆ ಮುಗಿಯುತ್ತ ಬಂದಿತ್ತು. ನಿಮ್ಮ ಪಕ್ಕದಲ್ಲಿ ಕುಳಿತವರು ಯಾರು ಅಮ್ಮ ಎಂದು ಟೀಚರ್ ಕೇಳಿದರು.

ಮಾಮಿ ನಲವತ್ತಾರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಇವರು, ಅವರು ಎಂಬುದರಲ್ಲೇ ಮುಗಿಸಿದ ಕಾಲದವರು. ಅಂಥವರು ಮಾಮನ ಕಡೆ ತಿರುಗಿ, ಕತ್ತಿನ ನರವೆಲ್ಲ ಬಿಗಿದು, ಅವರ ಹೆಸರು ಹೇಳಿಬಿಟ್ಟರು. ಹೆಸರು ಎನ್ನುವುದಕ್ಕೂ ಇಲ್ಲ. ಮೊದಲ ಅಕ್ಷರ ನುಂಗಿಹೋಗಿತ್ತು, ನಡುವಿನದ್ದು ಬೇರೇನೋ ಆಗಿತ್ತು, ಕೊನೆಯ ಸ್ವರ ತಪ್ಪು. ಟೀಚರಿಗೆ ಅರ್ಥವಾಗದೆ ಇನ್ನೊಮ್ಮೆ ಹೇಳಿ ಅಮ್ಮ ಎಂದರು.

ನಾನು ಮಾಮನ ಮುಖ ನೋಡಿದೆ. ಈಗ ತಿದ್ದುತ್ತಾರೆ ಎಂದುಕೊಂಡೆ. ಅವರು ಮಾಮಿಯ ಕೈ ಹಿಡಿದು, ಕರೆದವರಿಗೆ ಓಗೊಡುವಂತೆ, ಮೆಲ್ಲಗೆ "ಓ" ಎಂದರು. ಆಮೇಲೆ ಫೋನಿನ ಕಡೆ ತಿರುಗಿ ಟೀಚರಿಗೆ ಹೇಳಿದರು.

"ಇನ್ನೊಮ್ಮೆ ಬೇಡ. ಸರಿ ಉಂಟು. ಅವಳು ಕರೆದದ್ದು ನನ್ನನ್ನೇ."