ಒಳಗೆ ಎಂಟು, ಮೇಲೆ ಹತ್ತು

ಮೂಡಿಗೆರೆ ರಸ್ತೆಯಲ್ಲಿ ಗ್ಯಾರೇಜಿಟ್ಟು ಕೂತವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಜೀಪು ಹತ್ತಿ ಅದೇ ಬರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಎಸ್ಟೇಟಿನವರಿಗೆ ಟರ್ಬೋ ಹುಚ್ಚು ಹಿಡಿದಾಗಂತೂ ದಿನಾ ಬರುತ್ತಿತ್ತು.

೧. ಇಳಿಸುವ ಮಾತು

ಗೋಣಿಬೀಡು ಕಡೆಯ ಎಸ್ಟೇಟ್ ಮಾಲೀಕರೊಬ್ಬರು ಗುಜರಿಯಲ್ಲಿ ಕೊಂಡ ಟರ್ಬೋ ತಂದು ನನ್ನ ಬೆಂಚಿನ ಮೇಲಿಟ್ಟರು.

"ಪೆಟ್ರೋಲ್ ಜೀಪಿಗೆ ಕೂರಿಸಿ. ಕಳಸದ ಭಾವನದೂ ಟರ್ಬೋ ಜೀಪು. ಮುಂದಿನ ತಿಂಗಳು ಪಂದ್ಯ ಕಟ್ಟಿದ್ದೀವಿ. ಅವರಿಗಿಂತ ಮೊದಲು ಗುಡ್ಡ ಹತ್ತದಿದ್ರೆ ಮನೇಲಿ ನನಗೆ ಮರ್ಯಾದೆ ಇಲ್ಲ."

"ಕೂರಿಸಬಹುದು. ಆದ್ರೆ ಕಂಪ್ರೆಶನ್ ಒಂಬತ್ತಿದೆ, ಎಂಟಕ್ಕೆ ಇಳಿಸಬೇಕು" ಅಂದೆ.

ಎಂಜಿನ್ ತನ್ನೊಳಗಿನ ಗಾಳಿ, ಪೆಟ್ರೋಲನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನೋ ಲೆಕ್ಕ ಅದು. ಟರ್ಬೋ ಮೊದಲೇ ಗಾಳಿ ತುರುಕಿರುತ್ತದೆ. ಅದರ ಮೇಲೂ ಹಳೇ ಜೋರಿನಲ್ಲೇ ಅದುಮಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ತೂತಾಗುತ್ತದೆ.

"ಇಳಿಸೋದಾ? ನಮ್ಮ ಮನೆತನದಲ್ಲಿ ಯಾವುದನ್ನೂ ಇಳಿಸಿದವರಿಲ್ಲ. ಹತ್ತು ಮಾಡಿ!"

ಸುಳ್ಳು. ಕೂಲಿ ಇಳಿಸಿದ್ದರು. ಅದಕ್ಕೇ ಹಿಂದಿನ ವರ್ಷ ಆಳುಗಳ ಜೊತೆ ಅವರ ಗೇಟಿನ ಮುಂದೆ ಕೂತು ಧಿಕ್ಕಾರ ಕೂಗಿದವನು ನಾನೇ.

೨. ಚೀಲದ ಪಾಠ

ಕೈ ಸುಟ್ಟುಕೊಂಡು ಕೆಲಸ ಕಲಿತವನು ನಾನು. ಕಣ್ಣಾರೆ ತೋರಿಸೋಣ ಅಂತ ಅವರ ಎಸ್ಟೇಟಿಗೇ ಹೋದೆ. ಮೇಸ್ತ್ರಿ ಕೈಲಿ ಗೋಣಿಚೀಲಕ್ಕೆ ಬಾಯಿತನಕ ಕಾಫಿ ಬೀಜ ತುಂಬಿಸಿ ಹೊಲಿಸಿದೆ.

"ತುಂಬಿದ್ದು ಟರ್ಬೋ, ಕುಣಿತ ಕಂಪ್ರೆಶನ್. ಎಂಟು ಸಾಕಾ, ಹತ್ತು ಬೇಕಾ ನೋಡೋಣ. ಈಗ ಇದರ ಮೇಲೆ ಹತ್ತಿ ಕುಣಿ ಮಾರಾಯ."

ಎರಡನೇ ಕುಣಿತಕ್ಕೆ ಚೀಲ ಬಿರಿದು ಬೀಜ ಕಣದ ತುಂಬ ಚೆಲ್ಲಿತು. ಮೇಸ್ತ್ರಿಗೆ ತಟ್ಟನೆ ಅರ್ಥವಾಯಿತು. "ಓಹೋ, ಎಂಟೇ ಸರಿ" ಅಂದ.

ಮಾಲೀಕರು ಹರಿದ ಗೋಣಿಯನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿ ನೋಡಿದರು.

"ಚೀಲ ಹಳೇದು ಕಣ್ರೀ."

೩. ಬಣ್ಣದ ಡಬ್ಬಿ

ಆಮೇಲೆ ನಾನು ವಾದ ಮಾಡಲಿಲ್ಲ. ಪಿಸ್ಟನ್ ತಲೆ ಕೆತ್ತಿಸಿ ಎಂಟೇ ಮಾಡಿದೆ. ಎಂಜಿನ್ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ "೧೦" ಅಂತ ಬರೆದೆ.

ಮಾಲೀಕರೇ ಮೊದಲು ಗುಡ್ಡ ಹತ್ತಿದರು. ಬಾನೆಟ್ ಎತ್ತಿ ಬಂದವರಿಗೆಲ್ಲ ತೋರಿಸಿದರು. "ನೋಡಿ, ಹತ್ತರ ತಾಕತ್ತು!"

ಸೋತ ಭಾವನೂ ನೋಡಿದರು. ಬೇರೆ ಗ್ಯಾರೇಜಿಗೆ ಹೋಗಿ ತಮ್ಮ ಜೀಪಿಗೆ ನಿಜವಾಗಿಯೇ ಹನ್ನೊಂದು ಮಾಡಿಸಿದರು. ಎರಡನೇ ಪಂದ್ಯದಲ್ಲಿ ಅರ್ಧ ಗುಡ್ಡಕ್ಕೇ ಪಿಸ್ಟನ್ ತೂತು. ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ನನ್ನಲ್ಲಿಗೆ ಎಳೆಸಿಕೊಂಡು ಬಂದರು. ಮಜಾ ನೋಡಲು ಮಾಲೀಕರೂ ಹಿಂದೆಯೇ ಬಂದರು.

"ಇವನದು ಹತ್ತರಲ್ಲಿ ಓಡುತ್ತೆ, ನಂದು ಮಾತ್ರ ಯಾಕೆ ಒಡೀತು?" ಭಾವ ಕೇಳಿದರು.

ಸುಟ್ಟ ಪಿಸ್ಟನ್ ಕೈಯಲ್ಲಿಟ್ಟುಕೊಂಡು ಸುಳ್ಳು ಮುಂದುವರಿಸಲು ನನ್ನಿಂದ ಆಗಲಿಲ್ಲ. "ಇವರದು ಎಂಟು. ಹತ್ತು ಅನ್ನೋದು ಬರೀ ಬಣ್ಣ."

ಮಾಲೀಕರ ಮುಖ ಕೆಂಪಾಯಿತು. ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಅವರು ಭಾವನ ಕಡೆ ತಿರುಗಿದರು.

"ನೋಡಿದ್ರಾ ಭಾವ? ಬರೀ ಎಂಟರಲ್ಲೇ ನಿಮ್ಮನ್ನ ಸೋಲಿಸಿದೆ!"

ಭಾವ ನನ್ನ ಕಡೆ ತಿರುಗಿದರು. "ಹಾಗಾದ್ರೆ ನನಗೆ ಏಳು ಮಾಡಿ."

"ನನಗೆ ಆರು!" ಅಂದರು ಮಾಲೀಕರು.

ಒಬ್ಬರದು ಆಗಲೇ ಎಂಟಿತ್ತು, ಇನ್ನೊಬ್ಬರದನ್ನೂ ಎಂಟೇ ಮಾಡಿದೆ. ಆಮೇಲೆ ಬಣ್ಣದ ಡಬ್ಬಿ ತೆಗೆದೆ.