ಮುಕ್ಕಾಲು ಹಾಕಿದ ಎಂಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಇಟ್ಟಿಗೆ. ಅದೂ ಮೂಲೆ ಒಡೆದ ಇಟ್ಟಿಗೆ.

ನೀರಿನ ಆಫೀಸಿನಲ್ಲಿ ಮೀಟರ್ ಓದುವ ನಮ್ಮ ಮನುಷ್ಯನಿಗೆ ಅಲ್ಲಿ ಎಲ್ಲರೂ ಇಟ್ಟ ಹೆಸರು ಮುಕ್ಕಾಲು. ದೇವರು ಎತ್ತರದಲ್ಲಿ ಕಾಲು ಭಾಗ ಕೈಯಲ್ಲೇ ಉಳಿಸಿಕೊಂಡು ಇವನನ್ನು ಕಳಿಸಿಬಿಟ್ಟ ಅನ್ನೋದು ಅವರ ವಾದ. ಉಳಿದ ಆ ಕಾಲು ಪಕ್ಕದ ಮೇಜಿನವನಿಗೆ ಹೋಯಿತಂತೆ. ಅದಕ್ಕೇ ಅವನು ಒಂದೂಕಾಲು.

ಹನ್ನೊಂದು ವರ್ಷದಿಂದ ಮುಕ್ಕಾಲು ಗಲ್ಲಿಗಲ್ಲಿ ನಡೆದು, ಗುಂಡಿಗುಂಡಿಗೆ ಬಗ್ಗಿ ಮೀಟರ್ ಓದಿ, ಊರಿನ ನಾಯಿಗಳ ಕೈಯಲ್ಲೆಲ್ಲ ಬೊಗಳಿಸಿಕೊಂಡು ಸಾಕಾಗಿ ಹೋಗಿದ್ದ. ಈಗ ಊರಾಚೆಯ ಹೊಸ ಬಡಾವಣೆಗೆ ಒಬ್ಬ ಮೇಲ್ವಿಚಾರಕ ಬೇಕಾಗಿದ್ದ. ಕುರ್ಚಿ, ಮೇಜು, ಫ್ಯಾನು, ಎಲ್ಲ ಇರುವ ಕೆಲಸ. ಸಾಹೇಬರು ಒಂದೇ ಷರತ್ತು ಹಾಕಿದ್ದರು: "ಅಲ್ಲಿಗೆ ಬಸ್ಸಿಲ್ಲ. ಬೈಕ್ ಲೈಸೆನ್ಸ್ ಬೇಕೇ ಬೇಕು. ಶುಕ್ರವಾರ ಸಂಜೆ ಐದರೊಳಗೆ ಪಾಸಾದ ಕಾಗದ ತಂದು ತೋರಿಸಿದ್ರೆ ಕುರ್ಚಿ ನಿಮ್ಮದು. ಇಲ್ಲಾಂದ್ರೆ ಒಂದೂಕಾಲಿಗೆ ಕೊಟ್ಟುಬಿಡ್ತೀನಿ, ಆಮೇಲೆ ನನ್ನ ಬೈಕೋಬೇಡಿ."

ಮುಕ್ಕಾಲು ಒಂದು ತಿಂಗಳಿಂದ ಭಾವಮೈದನ ಬೈಕಿನಲ್ಲಿ ಕಲಿಯುತ್ತಿದ್ದ. ಆ ಬೈಕೋ, ಏಣಿ ಹಾಕಿ ಹತ್ತಬೇಕು. ಅದಕ್ಕೆ ಮನೆ ಗೇಟಿನ ಪಕ್ಕ ಒಂದು ಇಟ್ಟಿಗೆ ನಿಲ್ಲಿಸಿಕೊಂಡಿದ್ದ. ಹತ್ತೋಕೆ ಅದೇ ಇಟ್ಟಿಗೆ, ಇಳಿಯೋಕೂ ಅದೇ ಇಟ್ಟಿಗೆ. ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ, ಕಾಲು ನೆಲ ಕಾಣುವುದಿಲ್ಲವಲ್ಲ. ಹಾಗಾಗಿ ಮುಂಜಾನೆ ಹೊರಟರೆ ಮೈದಾನದಲ್ಲಿ ಒಂದೇ ಸಮ ಸುತ್ತು ಹೊಡೆದು ಸೀದಾ ಇಟ್ಟಿಗೆಗೇ ಬಂದು ಇಳಿಯುತ್ತಿದ್ದ.

ಆ ಶುಕ್ರವಾರ ಬೆಳಿಗ್ಗೆಯೂ ಹಾಗೇ ಬಂದ. ಬ್ರೇಕ್ ಹಿಡಿದು, ರೂಢಿಯಂತೆ ಕಣ್ಣು ಮುಚ್ಚಿ ಎಡಗಾಲು ಇಳಿಸಿದ. ಇಟ್ಟಿಗೆ ಇರಲಿಲ್ಲ.

ಬೈಕು ನಿಧಾನವಾಗಿ, ಮರ್ಯಾದೆಯಿಂದ ವಾಲಿ, ಮುಕ್ಕಾಲನ್ನು ಮಲ್ಲಿಗೆ ಬಳ್ಳಿಯ ಮೇಲೆ ಮಲಗಿಸಿ ತಾನೂ ಪಕ್ಕದಲ್ಲಿ ಮಲಗಿತು.

"ಅಯ್ಯಯ್ಯೋ! ಏನ್ರೀ ಇದು!" ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು.

ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಾಂಪೌಂಡ್ ಮೇಲಿಂದ ಇಣುಕಿದರು. "ಇಟ್ಟಿಗೆ ನಿಮ್ಮದಾ? ನನ್ನ ಮಂಚದ ಕಾಲು ರಾತ್ರಿ ಮುರಿದಿತ್ತು. ಯಾರದೋ ಬಿದ್ದಿದೆ ಅಂತ ಈಗಷ್ಟೇ ಎತ್ಕೊಂಡು ಹೋಗಿ ಅದರಡಿಗೆ ಕೊಟ್ಟೆ."

"ಮಂಚಕ್ಕೆ ಕಾಲು ಬಂತು, ನನ್ನ ಕಾಲು ಹೋಯ್ತಲ್ಲ ಮೇಷ್ಟ್ರೇ!" ಎಂದು ಮುಕ್ಕಾಲು ಬಳ್ಳಿಯೊಳಗಿಂದ ನರಳಿದ.

ಮೇಷ್ಟ್ರಿಗೆ ತಪ್ಪಿತಸ್ಥ ಭಾವನೆ ಬಂದುಬಿಟ್ಟಿತು. ಅವರಿಗೆ ಅದು ಬಂದರೆ ಎದುರಿಗಿದ್ದವರ ಗತಿ ಮುಗಿದ ಹಾಗೆ, ಸಹಾಯ ಮಾಡದೆ ಬಿಡುವುದಿಲ್ಲ. "ಈ ಬೈಕ್ ನಿಮ್ಮ ಅಳತೆಗಲ್ಲ. ಎರಡೂ ಪಾದ ಪೂರ್ತಿ ನೆಲಕ್ಕೆ ಊರೋ ಬೈಕ್ ತಗೋಬೇಕು. ಟೆಸ್ಟ್ ಎಷ್ಟು ಗಂಟೆಗೆ? ಮೂರಕ್ಕಾ? ಬೇಕಾದಷ್ಟು ಟೈಮಿದೆ, ಹೊರಡಿ!"

"ನನಗೆ ಎಂಟು ಹಾಕೋಕೆ ಇದರಲ್ಲೇ ಚೆನ್ನಾಗಿ ಬರತ್ತೆ," ಎಂದ ಮುಕ್ಕಾಲು.

"ಹಾಕ್ತೀರ, ಇಳಿಯೋದು ಹೇಗೆ? ಟೆಸ್ಟಿಗೆ ಇಟ್ಟಿಗೆ ಹೊತ್ಕೊಂಡು ಹೋಗ್ತೀರಾ?" ಎಂದಳು ಹೆಂಡತಿ. "ಹೇಗೂ ಬೈಕ್ ಕೊಳ್ಳಲೇಬೇಕಲ್ಲ, ಇವತ್ತೇ ತಗೊಳ್ಳಿ. ಮೇಲ್ವಿಚಾರಕರ ಹೆಂಡತಿ ಅಂತ ಬೀದಿಗೆಲ್ಲ ಹೇಳಿ ಆಗಿದೆ. ಇನ್ನು ನಾನು ಮುಖ ತೋರಿಸಬೇಕೋ ಬೇಡ್ವೋ?"

ಮುಕ್ಕಾಲಿಗೆ ಆ ಮಾತು ನಾಟಿತು. ಕುರ್ಚಿಗಿಂತ ಹೆಚ್ಚಾಗಿ ಅವನಿಗೆ ಹೆಂಡತಿಯ ಆ ಖುಷಿ ಉಳಿಸಬೇಕಿತ್ತು.

ಹಳೇ ಬೈಕ್ ಮಾರುವ ಅಂಗಡಿಗೆ ಮೂವರೂ ಹೋದರು: ಮುಕ್ಕಾಲು, ಮೇಷ್ಟ್ರು, ತನ್ನ ಎತ್ತರದ ಬೈಕಿನಲ್ಲಿ ಭಾವಮೈದ. ಅಂಗಡಿಯವನು ಮುಕ್ಕಾಲನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನೋಡಿ ಮುಗಿಯೋಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಇದರಲ್ಲಿ ಕೂತ್ಕೊಳ್ಳಿ ಸಾರ್, ರಾಜನ ಹಾಗಿರ್ತೀರಿ."

ಕೂತ. ಎರಡೂ ಕಾಲು ಗಾಳಿಯಲ್ಲಿ ತೂಗಾಡಿದವು. "ಒಂದು ಕಡೆ ಹೆಬ್ಬೆರಳು ತಾಗಿದ್ರೆ ಸಾಕು ಸಾರ್, ದೊಡ್ಡ ದೊಡ್ಡೋರೆಲ್ಲ ಹಾಗೇ ಓಡಿಸೋದು," ಎಂದ ಅಂಗಡಿಯವನು. ಹೆಬ್ಬೆರಳು ತಾಗಿಸಲು ಹೋಗಿ ಮುಕ್ಕಾಲು ವಾಲಿದ. ಹಿಡಿಯಲು ಬಂದ ಮೇಷ್ಟ್ರು ಬೈಕಿಗೂ ಗೋಡೆಗೂ ನಡುವೆ ಕ್ಯಾಲೆಂಡರಿನ ಹಾಗೆ ಅಂಟಿಕೊಂಡರು.

"ಪರವಾಗಿಲ್ಲ," ಎಂದರು ಮೇಷ್ಟ್ರು ಅಲ್ಲಿಂದಲೇ. "ಮುಂದಿನದು ತೋರಿಸಿ."

ಮುಂದಿನದು ಎತ್ತರ ಕಡಿಮೆ, ಆದರೆ ಹೊಟ್ಟೆ ದಪ್ಪ. ಅಗಲ ಸೀಟಿನ ಮೇಲೆ ಕೂತರೆ ಕಾಲು ಎರಡೂ ಪಕ್ಕಕ್ಕೆ ಚಾಚಿಕೊಂಡು, ಇಳಿಯುವ ಪ್ರಶ್ನೆಯೇ ಬರಲಿಲ್ಲ. ಮೂರನೆಯದು, ನಾಲ್ಕನೆಯದು. ಗಂಟೆ ಹನ್ನೆರಡಾಯಿತು. ಭಾವಮೈದ ಒಂದು ಮಾತು ಹೇಳಲು ಎರಡು ಸಲ ಬಾಯಿ ತೆಗೆದ. "ಭಾವ, ಟೆಸ್ಟಿನಲ್ಲಿ ಒಂದು..."

"ನೀನು ಸುಮ್ನಿರಪ್ಪ," ಎಂದರು ಮೇಷ್ಟ್ರು. "ನಿನ್ನ ಬೈಕಿಂದಲೇ ಇಷ್ಟೆಲ್ಲ ಆಗಿದ್ದು."

ಕೊನೆಗೆ ಮೂಲೆಯಲ್ಲಿ, ಟೈರುಗಳ ರಾಶಿಯ ಹಿಂದೆ, ಗಿಳಿಹಸಿರು ಬಣ್ಣದ ಒಂದು ಪುಟ್ಟ ಬೈಕು ಸಿಕ್ಕಿತು. ಮುಕ್ಕಾಲು ಕೂತ. ಎರಡೂ ಪಾದ, ಹಿಮ್ಮಡಿ ಸಮೇತ, ನೆಲದ ಮೇಲೆ! ಮೊಣಕಾಲು ಕೂಡ ಸ್ವಲ್ಪ ಮಡಚಿತು. ಜನ್ಮದಲ್ಲಿ ಮೊದಲ ಸಲ ಯಾವುದೋ ಒಂದಕ್ಕೆ ತಾನು ಉದ್ದವಾದೆ ಅನಿಸಿ ಅವನು ಎರಡೂ ಕಾಲು ಎತ್ತಿ ಮತ್ತೊಮ್ಮೆ ಊರಿ ನೋಡಿದ.

"ಇದೇ," ಎಂದ. ಬಣ್ಣ ಯಾರಿಗೆ ಬೇಕು!

ಮನೆಗೆ ಬರುವ ದಾರಿಯುದ್ದಕ್ಕೂ ಅವನು ಕಾಲು ಊರಿದ್ದೇ ಊರಿದ್ದು. ಸಿಗ್ನಲ್ ಇದ್ದಲ್ಲಿ ಊರಿದ, ಇಲ್ಲದಲ್ಲೂ ಊರಿದ. ತಿರುವು ಬಂದರೆ ಎರಡೂ ಕಾಲು ಬಾತುಕೋಳಿಯ ಹಾಗೆ ತಾವೇ ಕೆಳಗೆ ಇಳಿಯುತ್ತಿದ್ದವು. ತಿಂಗಳಿಡೀ ನೆಲ ಕಾಣದ ಕಾಲುಗಳು, ಪಾಪ, ಅವಕ್ಕೂ ಆಸೆ ಇರಲ್ವಾ?

ಮೂರು ಗಂಟೆಗೆ ಟೆಸ್ಟಿನ ಮೈದಾನ; ಮೇಷ್ಟ್ರೂ, ಎತ್ತರದ ಬೈಕಿನಲ್ಲಿ ಭಾವಮೈದನೂ ಜೊತೆಗೆ ಬಂದಿದ್ದರು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ಎಂಟು. ಪಕ್ಕದಲ್ಲಿ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಇನ್‌ಸ್ಪೆಕ್ಟರು. ಅವರ ಪಕ್ಕ ಅರ್ಜಿಗಳು, ಮೊಹರು, ಮಸಿ ಪ್ಯಾಡು. ಸ್ವಲ್ಪ ದೂರದಲ್ಲಿ ಒಂದೂಕಾಲು ಕೈಕಟ್ಟಿ ನಿಂತಿದ್ದ. "ಸುಮ್ನೆ ನೋಡೋಣ ಅಂತ ಬಂದೆ ಕಣಯ್ಯ. ಆಲ್ ದಿ ಬೆಸ್ಟ್," ಎಂದ. ಅವನ ಮುಖ ನೋಡಿದರೆ ಹೊಸ ಕುರ್ಚಿಯ ಮೇಲೆ ಆಗಲೇ ಕೂತು ಎದ್ದು ಬಂದವನ ಹಾಗಿತ್ತು.

ಮುಕ್ಕಾಲು ಗಿಳಿಹಸಿರು ಬೈಕಿನಲ್ಲಿ ಹೊರಟ. ಮೊದಲ ತಿರುವು ಬಂತು. ಕಾಲುಗಳು ಇಳಿದವು.

ಪೀಪೀ ಎಂದು ಸೀಟಿ. "ಫೇಲ್!"

"ಯಾಕೆ ಸಾರ್? ಬೀಳಲಿಲ್ಲವಲ್ಲ!"

"ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗಬಾರದು ಕಣ್ರೀ. ಅದೇ ಟೆಸ್ಟು. ಅಷ್ಟೂ ಗೊತ್ತಿಲ್ವಾ?"

ಮುಕ್ಕಾಲು ಭಾವಮೈದನ ಕಡೆ ತಿರುಗಿದ. "ನೀನು ಯಾಕೋ ಹೇಳಲಿಲ್ಲ?"

"ನನ್ನ ಬೈಕಿನಲ್ಲಿ ಕಲಿಯೋವಾಗ ಅದನ್ನ ಹೇಳೋ ಅಗತ್ಯವೇ ಇರಲಿಲ್ಲ ಭಾವ. ಅಂಗಡೀಲಿ ಹೇಳೋಕೆ ಬಂದೆ, ಮೇಷ್ಟ್ರು ಬಿಟ್ರಾ?"

ಮೇಷ್ಟ್ರು ಆಕಾಶ ನೋಡಿದರು.

"ಎಲ್ಲರಿಗೂ ಎರಡು ಅವಕಾಶ," ಎಂದರು ಇನ್‌ಸ್ಪೆಕ್ಟರು ಗಡಿಯಾರ ನೋಡುತ್ತ. "ಇನ್ನೊಂದಿದೆ, ಬೇಗ."

ಯೋಚಿಸಲು ಏನೂ ಇರಲಿಲ್ಲ. ಭಾವಮೈದ ಬೈಕು ಹಿಡಿದುಕೊಂಡ, ಮೇಷ್ಟ್ರು ಹಿಂದಿನಿಂದ ಎತ್ತಿದರು, ಮುಕ್ಕಾಲು ಎತ್ತರದ ಬೈಕು ಏರಿದ. ಆಮೇಲೆ ನೋಡಬೇಕಿತ್ತು! ಬಿಳಿ ಗೆರೆಯ ಮೇಲೆ ಚಕ್ರ ಒಂದು ಕೂದಲೆಳೆ ಆಚೀಚೆ ಹೋಗಲಿಲ್ಲ. ಒಂದು ಎಂಟು, ಎರಡು ಎಂಟು. ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಒಂದೂಕಾಲಿನ ಕಟ್ಟಿದ್ದ ಕೈ ಬಿಚ್ಚಿಕೊಂಡಿತು.

"ಭೇಷ್! ಹದಿನೈದು ವರ್ಷದಲ್ಲಿ ಇಂಥ ಎಂಟು ನೋಡಿಲ್ಲ," ಎಂದು ಇನ್‌ಸ್ಪೆಕ್ಟರು ಮೊಹರನ್ನು ಪ್ಯಾಡಿಗೆ ಒತ್ತಿ, ಅರ್ಜಿಯ ಮೇಲೆ 'ಉತ್ತೀರ್ಣ' ಎಂದು ಗುದ್ದೇ ಬಿಟ್ಟರು. "ಸಾಕು, ನಿಲ್ಲಿಸಿ ಬನ್ನಿ."

ಮುಕ್ಕಾಲು ಮೂರನೇ ಎಂಟು ಹಾಕಿದ.

"ಸಾಕು ಕಣ್ರೀ, ಪಾಸು!"

ನಾಲ್ಕನೇ ಎಂಟು.

"ಏನ್ರೀ, ಕಿವಿ ಕೇಳಿಸಲ್ವಾ? ಇಳೀರಿ!"

"ಇಳಿಯೋಕೆ ಬರಲ್ಲ ಸಾರ್! ಇಟ್ಟಿಗೆ! ಯಾರಾದ್ರೂ ಇಟ್ಟಿಗೆ ಕೊಡಿ!"

ಮೇಷ್ಟ್ರು ಇದಕ್ಕೇ ಕಾದಿದ್ದರೋ ಎಂಬಂತೆ ಹೆಗಲ ಚೀಲಕ್ಕೆ ಕೈ ಹಾಕಿ ಅದೇ ಮೂಲೆ ಒಡೆದ ಇಟ್ಟಿಗೆಯನ್ನು ಹೊರತೆಗೆದರು. ಬೆಳಿಗ್ಗೆಯಿಂದ ವಾಪಸ್ ಕೊಡಬೇಕೆಂದು ಹೊತ್ತು ತಿರುಗುತ್ತಿದ್ದರಂತೆ. ಓಡಿಹೋಗಿ ಎಂಟಿನ ಒಂದು ಹೊಟ್ಟೆಯಲ್ಲಿ ಇಟ್ಟರೆ ಬೈಕು ಇನ್ನೊಂದು ಹೊಟ್ಟೆಯಲ್ಲಿರುತ್ತಿತ್ತು. ಎತ್ತಿಕೊಂಡು ಅಲ್ಲಿಗೆ ಓಡಿದರೆ ಬೈಕು ಇಲ್ಲಿ. ಒಂದೇ ಮೈದಾನದಲ್ಲಿ ಇಬ್ಬರೂ ಎಂಟು ಹಾಕತೊಡಗಿದರು.

ಏಳನೇ ಸುತ್ತಿಗೆ ಮುಕ್ಕಾಲಿಗೆ ಕಟ್ಟೆ ಕಾಣಿಸಿತು. ಎತ್ತರ ಸರಿಯಾಗಿ ಅವನ ಕಾಲಿನದೇ. ಸೀದಾ ಅಲ್ಲಿಗೇ ತಂದ, ಬ್ರೇಕ್ ಹಿಡಿದ, ಎಡಗಾಲು ಚಾಚಿದ. ಕಾಲು ಮೊದಲು ಮಸಿ ಪ್ಯಾಡಿನ ಮೇಲೆ ಬಿತ್ತು. ಅಲ್ಲಿಂದ ಜಾರಿ ಅವನದೇ ಅರ್ಜಿಯ ಮೇಲೆ, 'ಉತ್ತೀರ್ಣ'ದ ನೆತ್ತಿಯ ಮೇಲೆ, ಗಟ್ಟಿಯಾಗಿ ಊರಿತು.

ಕಾಲು ತೆಗೆದಾಗ ಬೂಟಿನ ಅಚ್ಚು ಎಷ್ಟು ಸ್ಪಷ್ಟವಾಗಿತ್ತೆಂದರೆ ಕೆಳಗಿನ ಮೊಹರು ಕಾಣಲೇ ಇಲ್ಲ.

"ಫೇಲ್," ಎಂದರು ಇನ್‌ಸ್ಪೆಕ್ಟರು.

"ಸಾರ್, ಕಾಲು ಊರಿದ್ರೆ ಫೇಲ್ ಅಂದ್ರಿ, ಊರದೆ ಎಂಟು ಹಾಕಿದೆ. ನಿಲ್ಲಿಸಿ ಅಂದ್ರಿ, ಕಾಲು ಊರಿ ನಿಲ್ಲಿಸಿದೆ. ಇನ್ನೇನು ತಪ್ಪು ಸಾರ್?"

"ಊರಿದ್ದು ನೆಲದ ಮೇಲಲ್ಲ ಕಣ್ರೀ, ಸರ್ಕಾರದ ಮೇಲೆ! ಮುಂದಿನ ತಿಂಗಳು ಬನ್ನಿ."

ಮುಂದಿನ ತಿಂಗಳು! ಮುಕ್ಕಾಲು ಕಟ್ಟೆಯ ಅಂಚಿನಲ್ಲಿ ಕುಸಿದು ಕೂತ. ಹೆಂಡತಿ ಗೇಟಿನಲ್ಲಿ ಕಾಯುತ್ತಿರುತ್ತಾಳೆ ಅನ್ನೋದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅತ್ತ ಒಂದೂಕಾಲು ಆಗಲೇ ಸಾಹೇಬರಿಗೆ ಫೋನು ಹಚ್ಚಿದ್ದ.

ಗಿಳಿಹಸಿರು ಬೈಕನ್ನು ಇನ್ನು ಓಡಿಸುವ ಧೈರ್ಯವೂ ಅವನಿಗೆ ಉಳಿದಿರಲಿಲ್ಲ. ತಳ್ಳಿಕೊಂಡು ಮನೆ ಕಡೆ ಹೊರಟ. ಅರ್ಧ ದಾರಿಯಲ್ಲಿ ಒಂದೂಕಾಲು ತನ್ನ ಬೈಕಿನಲ್ಲಿ ಪಕ್ಕಕ್ಕೆ ಬಂದು, ಅದೂ ನಿಜವಾದ ಪ್ರೀತಿಯಿಂದಲೇ, ಕೇಳಿದ:

"ಗಾಡಿ ಚೆನ್ನಾಗಿದೆ ಕಣಯ್ಯ. ಕಾಲು ನೆಲಕ್ಕೆ ಎಟುಕತ್ತಾ?"

ಮುಕ್ಕಾಲು ತಳ್ಳುತ್ತ ತಳ್ಳುತ್ತಲೇ ತನ್ನ ಕಾಲುಗಳ ಕಡೆ ನೋಡಿಕೊಂಡ.

"ಎಟುಕತ್ತೆ," ಎಂದ. "ಎರಡೂ."