ಕಪಾಟು ಹಗುರ ಮಾಡಿದ ಪಾಪ

ಬಟ್ಟೆಯ ಕಪಾಟು ಚೊಕ್ಕ ಮಾಡಲು ಹೋದಾಗಲೆಲ್ಲ ನನ್ನ ಕೈಯಿಂದ ಒಂದಲ್ಲ ಒಂದು ಅವಾಂತರ ಆಗುತ್ತಲೇ ಬಂದಿದೆ. ನನ್ನದು ಊರಿಂದೂರಿಗೆ ವರ್ಗವಾಗುವ ಕಾರಕೂನನ ನೌಕರಿ. ತೊಡುವುದು, ತೊಡದ್ದು ಎಂದು ವಿಂಗಡಿಸಿ, ತೊಡದ್ದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುವುದು ನನ್ನ ಹುಚ್ಚು. ಈಗ ನೆನೆದರೆ ನಗು ಬರುತ್ತದೆ. ನಗು ಮುಗಿಯುವಷ್ಟರಲ್ಲಿ ಕೊಡಬಾರದಿತ್ತು ಅನ್ನಿಸುತ್ತದೆ.

ಕುಮಟೆಯ ಟೊಪ್ಪಿಗೆ

ಮುಂಬಯಿ ಸರಕಾರ ಹೋಗಿ ಎರಡು ವರ್ಷವಾಗಿತ್ತು. ಇನ್ನು ಕಾರಕೂನರ ಆ ಕರಿ ಟೊಪ್ಪಿಗೆ ಯಾರು ಹಾಕುತ್ತಾರೆಂದು ನನ್ನದನ್ನು ಕಚೇರಿಯ ಸಿಪಾಯಿಗೆ ಕೊಟ್ಟೆ. ಮರುವಾರ ತಪಾಸಣೆಗೆ ಬಂದ ಹಳೇ ಕಾಲದ ಸಾಹೇಬರು ಸೀದಾ ಟೊಪ್ಪಿಗೆಯವನ ಹತ್ತಿರ ಹೋಗಿ, “ಎಲ್ಲಿ, ನಿಮ್ಮ ದಫ್ತರ ತೋರ್ಸಿ” ಎಂದರು. ಬರಿದಲೆಯಲ್ಲಿ ನಿಂತ ನನಗೆ, “ನೀ ಒಂದು ಲೋಟ ನೀರು ತಾ” ಎಂದರು.

ನೀರು ತರಲು ಹೊರಟೆ. ಸಿಪಾಯಿ ಮೆಲ್ಲಗೆ, “ನಂಗೂ ಒಂದು” ಎಂದ.

ಹೊನ್ನಾವರದ ಸೀರೆ

ಹೆಂಡತಿ ತವರಿಗೆ ಹೋದಾಗ, ಕಪಾಟಿನ ತಳದಲ್ಲಿದ್ದ ಮಾಸಿದ ನೀಲಿ ಸೀರೆಯನ್ನು ಮೀನು ಮಾರುವವಳಿಗೆ ಕೊಟ್ಟೆ. ಅದು ಹೆಂಡತಿಯ ತೀರಿಹೋದ ಅವ್ವಿಯ, ಅಂದರೆ ನನ್ನ ಅತ್ತೆಯ, ಸೀರೆಯೆಂದು ನನಗೆ ಗೊತ್ತಿರಲಿಲ್ಲ. ತವರಿನಿಂದ ಬಂದವಳು ಜಗಳ ಆಡಲಿಲ್ಲ. “ಒಂದು ಮಾತು ಕೇಳ್ಬೇಕಿತ್ತು” ಎಂದಳು, ಅಷ್ಟೆ.

“ವಾಪಸು ಕೇಳ್ಲಾ?”

“ಬೇಡ. ಕೊಟ್ಟಿದ್ದು ಕೊಟ್ಟಾತು.”

ಆಮೇಲೆ ಮೀನಿನವಳು ಅದೇ ಸೀರೆ ಉಟ್ಟು ಬರತೊಡಗಿದಳು. ಹೆಂಡತಿ ಅವಳನ್ನು ಜಗಲಿಯಲ್ಲಿ ಕೂರಿಸಿ ಅರ್ಧ ತಾಸು ಮಾತಾಡುವಳು. ಕಣ್ಣೆಲ್ಲ ಸೀರೆಯ ಅಂಚಿನ ಮೇಲೆ. ದಿನಾ ಬಂಗಡೆ ಮೀನು ಕೊಳ್ಳುವಳು. “ಇವತ್ತಾದ್ರೂ ಬೇಡ ಅನ್ನು ಮಾರಾಯ್ತಿ” ಎಂದೆ.

“ಅವ್ವಿ ಬಾಗಿಲಿಗೆ ಬಂದ ಹಾಂಗೆ ಆಗ್ತದೆ. ಬೇಡ ಅಂತ ಹ್ಯಾಂಗೆ ಹೇಳ್ಲಿ?”

ಆ ಸೀರೆ ಹರಿಯುವ ತನಕ ನಮಗೆ ಬಂಗಡೆ ತಪ್ಪಲಿಲ್ಲ.

ಭಟ್ಕಳದ ಕೋಟು

ಮದುವೆಯಲ್ಲಿ ಮಾವ ಹೊಲಿಸಿಕೊಟ್ಟ ಕೋಟಿನ ಗುಂಡಿ ಅಷ್ಟರಲ್ಲಿ ನನ್ನ ಹೊಟ್ಟೆ ದಾಟುತ್ತಿರಲಿಲ್ಲ. ಶರಾವತಿಗೆ ಸೇತುವೆ ಇಲ್ಲದ ಕಾಲ. ದೋಣಿಯಲ್ಲಿ ಜೋಪಾನವಾಗಿ ದಾಟಿಸಿ ತಂದ ಕೋಟನ್ನು, ಭಟ್ಕಳಕ್ಕೆ ಬಂದ ತಿಂಗಳಲ್ಲೇ ನಾಟಕ ಆಡುವ ನೆರೆಮನೆಯ ಮಾಸ್ತರರಿಗೆ ಕೊಟ್ಟೆ.

ನಾಟಕದ ಸಂಜೆಗೆ ಸರಿಯಾಗಿ ಮಾವ ತಮ್ಮ ಊರು ಮಂಕಿಯಿಂದ ಬಂದಿಳಿದರು. ಇಬ್ಬರೂ ಮುಂದಿನ ಸಾಲಲ್ಲಿ ಕೂತೆವು. ಮಾಸ್ತರರದು ಕುಡುಕನ ಪಾತ್ರ. ಅದೇ ಕೋಟು ತೊಟ್ಟು ತೂರಾಡುತ್ತ ಬಂದವರಿಗೆ ಮಾತು ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಒದರಿದರು: “ಈ ಹರಕು ಕೋಟು ಕೊಟ್ಟವ ನನ್ನ ಜುಗ್ಗ ಮಾವ!”

ಸಭೆ ಘೊಳ್ಳೆಂದಿತು. ಮಾವ ಎದ್ದು ನಿಂತು, “ಹರಕು ಎಂತಕ್ಕೆ? ಕೊಡುವಾಗ ಹೊಸತೇ ಇತ್ತು!” ಎಂದು ಕೂಗಿದರು. ಇದೂ ನಾಟಕವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ನಾಟಕ ಮುಗಿಸಿ ಮನೆಗೆ ಬಂದೆವು. ಜನ್ಮದಲ್ಲಿ ಕೋಟು ತೊಡದ ಆ ಮನುಷ್ಯ ನನಗಾಗಿ ಹುಬ್ಬಳ್ಳಿಯ ತನಕ ಹೋಗಿ ಬಟ್ಟೆ ತಂದಿದ್ದರು. ಅಂಗಳದಲ್ಲಿ ಕಾಲಿಗೆ ನೀರು ಕೊಡುತ್ತ, “ತಪ್ಪಾತು ಮಾವ” ಎಂದೆ.

ಅವರು ನಿಧಾನವಾಗಿ ಕಾಲು ತೊಳೆದರು.

“ಇರ್ಲಿ ಅಳಿಯಂದ್ರೆ. ಆ ಕುಡುಕಂಗೆ ಕೋಟು ಸಮಾ ಕೂತಿತ್ತು. ಮದುವೆ ದಿನ ನಿಮಗೂ ಅಷ್ಟು ಸಮಾ ಕೂತಿರ್ಲಿಲ್ಲ.”